ಒಂದೇ ಸಲ ಕೇಳುವವರು

ಸ್ಟೋರ್‌ವಿಕ್, ಮಿನೆಸೋಟ
ಜನವರಿ 14, 2013

ಪ್ರೀತಿಯ ಕೋಚ್,

ಫೋನಿನಲ್ಲಿ ನಿಮಗೆ ಈಗ ಬರೀ ಗುಂಯ್ ಎನ್ನುತ್ತದಂತೆ, ನಿಮ್ಮ ಮಗಳು ಗೇಲ್ ಹೇಳಿದಳು. ಕಂಪ್ಯೂಟರನ್ನಂತೂ ನೀವು ಮುಟ್ಟುವುದಿಲ್ಲ. ಮಗಳ ಮನೆಯಲ್ಲಿ ಕುಳಿತು ಫೋನಿಗೆ ಬೈಯುವುದಕ್ಕಿಂತ ಪತ್ರ ಓದಿ ನನಗೇ ಬೈಯಿರಿ ಎಂದು ಬರೆಯುತ್ತಿದ್ದೇನೆ.

ಸುದ್ದಿ ಒಕ್ಲಹೋಮಾದವರೆಗೆ ಬಂದಿದೆಯೋ ಇಲ್ಲವೋ. ನಮ್ಮ ಕಾಲೇಜಿನ ತಂಡಗಳು ಎರಡನೆಯ ಡಿವಿಷನ್ ಬಿಟ್ಟು, ದೊಡ್ಡ ಕಾಲೇಜುಗಳು ಆಡುವ ಮೊದಲನೆಯದಕ್ಕೆ ಏರಲು ಹೊರಟಿವೆ. ಪಟ್ಟು ಹಿಡಿದವಳು ನಾನೇ. ವರ್ಷ ವರ್ಷ ಸೇರುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ನಮ್ಮ ಹೆಸರು ಈ ಕೌಂಟಿಯ ಆಚೆ ಯಾರಿಗೂ ಗೊತ್ತಿಲ್ಲ. ಕ್ರೀಡಾ ನಿರ್ದೇಶಕಿ ಎಂದು ಕುರ್ಚಿಯಲ್ಲಿ ಕೂರಿಸಿದ ಮೇಲೆ ಏನಾದರೂ ಮಾಡಬೇಕಲ್ಲ. ಆಡಳಿತ ಮಂಡಳಿ ಒಪ್ಪಿತು. ಇಷ್ಟು ದಿನ ನಾವು ಯಾರೊಡನೆ ಆಡುತ್ತಿದ್ದೆವೋ ಆ ಕಾಲೇಜುಗಳ ಕೂಟಕ್ಕೆ ರಾಜೀನಾಮೆ ಕಳಿಸಿಯೂ ಆಯಿತು.

ತೊಡಕು ಇರುವುದು ಇಲ್ಲಿ. ಮೇಲಿನ ಡಿವಿಷನ್‌ನ ಯಾವುದಾದರೂ ಕೂಟ ನಮ್ಮನ್ನು ‘ಬನ್ನಿ’ ಎಂದು ಕರೆದರೆ ಮಾತ್ರ ನಮ್ಮ ಅರ್ಜಿ ನಡೆಯುತ್ತದೆ. ಜೂನ್ ಒಂದು ಕಡೆಯ ದಿನ. ಅಷ್ಟರಲ್ಲಿ ಯಾರೂ ಕರೆಯದಿದ್ದರೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ನಮ್ಮ ಮಕ್ಕಳೊಡನೆ ಆಡಲು ಯಾರೂ ಇರುವುದಿಲ್ಲ. ನನ್ನ ಕೆಲಸ ಹೋಗುವುದು ದೊಡ್ಡದಲ್ಲ. ಒಂದು ಕಾಲೇಜನ್ನು ಬೀದಿಗೆ ತಂದವಳು ಎಂಬ ಹೆಸರು ಹೊತ್ತು ಈ ಊರಿನಲ್ಲಿ ಹೇಗಿರಲಿ?

ನಿಮ್ಮ ಒಕ್ಲಹೋಮಾ ಕಡೆಯ ಬಯಲುಸೀಮೆಯ ಕೂಟದ ಕಮಿಷನರ್ ಟೀಗ್ ಎನ್ನುವವರು ಮುಂದಿನ ತಿಂಗಳು ನಮ್ಮನ್ನು ನೋಡಲು ಬರುತ್ತಾರೆ. ಒಂಬತ್ತು ಕಾಲೇಜುಗಳಿವೆ, ಹತ್ತನೆಯದನ್ನು ಹುಡುಕುತ್ತಿದ್ದಾರೆ. ನನಗೆ ಅನ್ನ ಸೇರುತ್ತಿಲ್ಲ ಕೋಚ್.

ನಿಮ್ಮ ಮಾತು ಕೇಳುತ್ತಿದ್ದ ಹುಡುಗಿ,
ರೆನೇ ಸ್ಕಾರ್


ಟಲ್ಸಾ, ಒಕ್ಲಹೋಮಾ
ಜನವರಿ 23

ರೆನೇ,

ಇನ್ನೊಂದು ಮನೆ ಸಿಗುವ ಮೊದಲೇ ಇದ್ದ ಮನೆಯ ಬೀಗದ ಕೈ ವಾಪಸು ಕೊಟ್ಟು ಬಂದಿದ್ದೀಯ. ಹಿಮದ ಮೇಲಿನ ಸ್ಕೀ ಓಟದಲ್ಲೂ ನಿನಗೆ ಇದೇ ಚಾಳಿ. ಇಳಿಜಾರು ಕಂಡರೆ ಸಾಕು, ಕೆಳಗೆ ತಿರುವು ಇದೆಯೋ ಇಲ್ಲವೋ ನೋಡದೆ ಬಿಟ್ಟುಕೊಂಡು ಹೋಗುತ್ತಿದ್ದೆ. ಎರಡು ಸಲ ಪೊದೆಯಿಂದ ನಿನ್ನನ್ನು ಎಳೆದು ತೆಗೆದಿದ್ದೇನೆ.

ಆದದ್ದಾಯಿತು. ಆ ಟೀಗ್ ಬಂದಾಗ ಬಿಸಿಯಾಗಿ ಊಟ ಹಾಕಿ, ಬೆಚ್ಚಗಿನ ಕೋಟು ಕೊಡಿಸು. ಈ ಕಡೆಯ ಜನಕ್ಕೆ ಚಳಿ ಎಂದರೆ ಏನೆಂದೇ ಗೊತ್ತಿಲ್ಲ. ನಿನ್ನೆ ಇಲ್ಲಿ ಉಗುರಿನಷ್ಟು ಹಿಮ ಬಿತ್ತು, ಶಾಲೆಗೆ ರಜೆ ಕೊಟ್ಟರು. ನಾನು ಕಿಟಕಿಯಲ್ಲಿ ನಿಂತು ನಕ್ಕೆ. ಆಮೇಲೆ ಯಾಕೋ ಅಳು ಬಂತು, ಇರಲಿ ಬಿಡು.

ಸ್ಕೀ ತಂಡದ ಬಗ್ಗೆ ಒಂದು ಅಕ್ಷರವೂ ಬರೆದಿಲ್ಲ. ಈ ವರ್ಷ ಎಷ್ಟು ಜನ ಹುಡುಗಿಯರು? ಸ್ಕೀಗಳ ತಳಕ್ಕೆ ಮೇಣ ತಿಕ್ಕುವುದನ್ನು ಯಾರು ಕಲಿಸುತ್ತಿದ್ದಾರೆ? ಎಪ್ಪತ್ತನಾಲ್ಕರಲ್ಲಿ ಗಂಡುಹುಡುಗರು ಬಿಸಾಡಿದ ಸ್ಕೀಗಳನ್ನು ಹೊಂದಿಸಿಕೊಂಡು ನಾನು ಶುರು ಮಾಡಿದ ತಂಡ ಅದು. ಮರೆಯದೆ ಬರೆ.

ಆರ್ಡಿಸ್ ಟಾಲೆಫ್ಸನ್
(ಕಿವುಡಿ, ಕುರುಡಿಯಲ್ಲ)


ಸ್ಟೋರ್‌ವಿಕ್
ಫೆಬ್ರವರಿ 18

ಪ್ರೀತಿಯ ಕೋಚ್,

ಟೀಗ್ ಬಂದು ಹೋದರು. ನನ್ನ ಎದೆಯ ಮೇಲಿನ ಬಂಡೆ ಅರ್ಧ ಇಳಿದ ಹಾಗಾಗಿದೆ.

ಎತ್ತರದ ಆಳು, ಕಾಲಿಗೆ ತೆಳ್ಳನೆಯ ಬೂಟು. ಕಾರಿನಿಂದ ಇಳಿದವರೇ “ಅಲ್ಲ ಮೇಡಂ, ಈ ಚಳೀಲಿ ಮನುಷ್ಯರು ಬದುಕ್ತಾರಾ?” ಎಂದರು. “ಇವತ್ತು ಪರವಾಗಿಲ್ಲ ಸರ್, ಗಾಳಿ ಇಲ್ವಲ್ಲ” ಎಂದೆ. ಜಿಮ್ ತೋರಿಸಿದೆ. “ಭರ್ಜರಿಯಾಗಿದೆ ಕಣ್ರೀ” ಎಂದರು. “ಏನೋ ಒಂದು, ಸೂರು ಸೋರಲ್ಲ ಅಷ್ಟೆ” ಎಂದೆ. ನೋಡಿ, ಎಲ್ಲಿಯೂ ಜಂಬ ಕೊಚ್ಚಲಿಲ್ಲ. ನೀವು ಕಲಿಸಿದ್ದೇ.

ಮಧ್ಯಾಹ್ನ ಊಟಕ್ಕೆ ಕಾಡಕ್ಕಿಯ ಸೂಪು, ಆಲೂಗಡ್ಡೆ ರೊಟ್ಟಿ. ಎರಡು ಸಲ ಹಾಕಿಸಿಕೊಂಡರು. ಕಾಫಿ ಬಂದಾಗ ಬಟ್ಟಲು ಪಕ್ಕಕ್ಕಿಟ್ಟು ನನ್ನ ಮುಖ ನೋಡಿ ಕೇಳಿಯೇಬಿಟ್ಟರು:

“ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ ಮೇಡಂ. ನಮ್ಮ ಕೂಟಕ್ಕೆ ಬನ್ನಿ ಅಂತ ಕರೆದ್ರೆ ಬರ್ತೀರಾ?”

ಕೋಚ್, ಅಲ್ಲಿಯೇ ಹೂಂ ಎಂದುಬಿಡುವಷ್ಟು ಆಸೆಯಾಯಿತು. ಆದರೂ ಮುಖದ ಮೇಲೆ ತೋರಿಸಿಕೊಳ್ಳಲಿಲ್ಲ. “ಅಯ್ಯೋ, ನಮ್ಮಂಥೋರು ಯಾಕೆ ಬಿಡಿ ಸರ್. ನಮಗಿಂತ ಒಳ್ಳೆಯವ್ರು ಎಷ್ಟೋ ಜನ ಇರ್ತಾರೆ. ನಮಗೋಸ್ಕರ ನೀವು ತೊಂದ್ರೆ ತಗೋಬೇಡಿ” ಎಂದೆ. ಅವರು ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡು “ಹಾಗಂತೀರಾ? ಸರಿ” ಎಂದರು. ಆಮೇಲೆ ಕೆರೆಯ ಮಂಜುಗಡ್ಡೆ ಕೊರೆದು ಮೀನು ಹಿಡಿಯುವುದು ಹೇಗೆ ಎಂದು ಕೇಳಿದರು. ಅದನ್ನೇ ಮಾತಾಡುತ್ತ ಬಟ್ಟಲು ಖಾಲಿ ಮಾಡಿದೆವು.

ನಮ್ಮ ಕಾಲೇಜಿನ ಅಧ್ಯಕ್ಷ ಓಯನ್ ಅವರಿಗೆ ಎಲ್ಲ ಹೇಳಿದೆ. “ಒಳ್ಳೇ ಕೆಲಸ ಮಾಡ್ದೆ. ಹಸಿದು ಕೂತೋರ ಥರ ಕಾಣಿಸ್ಕೊಂಡ್ರೆ ಬೆಲೆ ಇರಲ್ಲ” ಎಂದು ಬೆನ್ನು ತಟ್ಟಿದರು. ಇನ್ನು ಎರಡನೆಯ ಸಲ ಕೇಳುತ್ತಾರೆ, ಆಗ ಸ್ವಲ್ಪ ಅನುಮಾನ ತೋರಿಸಿ, ಮೂರನೆಯ ಸಲಕ್ಕೆ ಹೂಂ ಎನ್ನುತ್ತೇನೆ. ಅವರು ಹೋಗಿ ಇವತ್ತಿಗೆ ಎಂಟು ದಿನ. ಫೋನ್ ಬಂದಿಲ್ಲ. ಈ ವಾರ ಬಂದೇ ಬರುತ್ತದೆ.

ಅನ್ನ ಸೇರುತ್ತಿರುವ,
ರೆನೇ


ಟಲ್ಸಾ
ಫೆಬ್ರವರಿ 22. ಹೆಚ್ಚು ದುಡ್ಡು ಕೊಟ್ಟು ತುರ್ತು ಅಂಚೆಯಲ್ಲಿ ಕಳಿಸಿದ್ದೇನೆ.

ಲೇ ರೆನೇ,

ನಿನ್ನ ತಲೆಯಲ್ಲಿ ಏನು ತುಂಬಿದೆ? ಅವನು ಇನ್ನೊಂದು ಸಲ ಕೇಳುವುದಿಲ್ಲ. ಈ ಕಡೆಯವರು ಒಂದೇ ಸಲ ಕೇಳುವುದು! ಬೇಡ ಎಂದರೆ ಬೇಡ ಎಂದೇ ತಿಳಿಯುತ್ತಾರೆ, ಟೋಪಿ ತೆಗೆದು ನಮಸ್ಕಾರ ಹೇಳಿ ಹೋಗುತ್ತಾರೆ.

ನಾನು ಇಲ್ಲಿಗೆ ಬಂದ ಹೊಸತು. ಪಕ್ಕದ ಮನೆಯ ವಾಂಡಾ ಪರ್ಡಿ ಬಾಗಿಲಿಗೆ ಬಂದು “ಇವತ್ತು ಮೀನು ಕರೀತಿದ್ದೀನಿ, ಊಟಕ್ಕೆ ಬರ್ತೀರಾ ಅಕ್ಕ?” ಎಂದಳು. “ಅಯ್ಯೋ ಬೇಡಮ್ಮ, ನಿನಗ್ಯಾಕೆ ಸುಮ್ನೆ ತೊಂದ್ರೆ” ಎಂದೆ. “ಸರಿ, ನಿಮ್ಮಿಷ್ಟ” ಎಂದು ಹೊರಟೇಹೋದಳು! ಮತ್ತೆ ಬರುತ್ತಾಳೆ ಎಂದು ಬಾಗಿಲ ಹಿಂದೆಯೇ ಕೋಟು ಹಾಕಿಕೊಂಡು ನಿಂತಿದ್ದೆ. ಮೀನಿನ ವಾಸನೆ ಮಾತ್ರ ಬಂತು. ಒಣ ಬ್ರೆಡ್ ತಿಂದು ಮಲಗಿದೆ. ಆ ತಿಂಗಳು ಹೀಗೆ ಎಷ್ಟು ಊಟ ಕಳೆದುಕೊಂಡೆನೋ. ಆಮೇಲೆ ಗೊತ್ತಾಯಿತು, ಬೀದಿಯವರೆಲ್ಲ ನನ್ನನ್ನು ಸೊಕ್ಕಿನ ಮುದುಕಿ ಎಂದುಕೊಂಡಿದ್ದರು.

ನೀನು ಟೀಗ್‌ಗೆ ಮಾಡಿರುವುದು ಅದನ್ನೇ. ಅವನು ಈಗ ತನ್ನ ಒಂಬತ್ತು ಕಾಲೇಜಿನವರಿಗೆ ‘ಸ್ಟೋರ್‌ವಿಕ್‌ಗೆ ನಮ್ಮ ಮೇಲೆ ಮನಸ್ಸಿಲ್ಲ’ ಎಂದು ಹೇಳಿ, ಇನ್ನೊಬ್ಬರ ಮನೆ ಬಾಗಿಲು ತಟ್ಟುತ್ತಿರುತ್ತಾನೆ. ಗೇಲ್ ಕೈಯಲ್ಲಿ ನಿನಗೆ ಫೋನ್ ಮಾಡಿಸೋಣವೆಂದರೆ ಅವಳು ಬೆಣ್ಣೆ ಹಚ್ಚಿ ಹೇಳಿ ವಿಷಯವನ್ನೇ ಕೆಡಿಸುತ್ತಾಳೆ. ಈ ಕಾಗದ ಕೈಗೆ ಸಿಕ್ಕ ಗಳಿಗೆಯೇ ಅವನಿಗೆ ಫೋನ್ ಮಾಡು. ‘ನಮಗೆ ಬೇಕು’ ಎನ್ನು. ಎರಡೇ ಪದ.

ಸ್ಕೀ ತಂಡದ ಬಗ್ಗೆ ಈ ಸಲವೂ ಬರೆದಿಲ್ಲ.

ಆರ್ಡಿಸ್


ಸ್ಟೋರ್‌ವಿಕ್
ಮಾರ್ಚ್ 7

ಪ್ರೀತಿಯ ಕೋಚ್,

ನಿಮ್ಮ ಪತ್ರ ಓದಿದ ಗಳಿಗೆಯೇ ಟೀಗ್ ಅವರಿಗೆ ಫೋನ್ ಮಾಡಲು ಕುಳಿತೆ.

ನಂಬರ್ ಒತ್ತಿದೆ. ಅಲ್ಲಿಯ ಹುಡುಗಿ ‘ಹಲೋ’ ಎಂದದ್ದೇ ಇಟ್ಟುಬಿಟ್ಟೆ. ಮತ್ತೆ ಒತ್ತಿದೆ, ಟೀಗ್ ಅವರೇ ಸಿಕ್ಕರು. ಚಳಿ ಕಡಿಮೆಯಾಯಿತೇ ಎಂದು ಅವರು, ನಿಮ್ಮ ಕಡೆ ಹೇಗಿದೆ ಎಂದು ನಾನು. ‘ಏನಾದ್ರೂ ವಿಷಯ ಇತ್ತಾ ಮೇಡಂ?’ ಎಂದರು. ‘ಇಲ್ಲ ಸರ್, ಸುಮ್ನೆ’ ಎಂದೆ! ನಲವತ್ತಾರು ವರ್ಷದ ಹೆಂಗಸು. ಫೋನ್ ಇಟ್ಟು ಮೇಜಿಗೆ ಹಣೆ ಚಚ್ಚಿಕೊಂಡೆ.

ಓಯನ್ ಅವರಿಗೆ ಹೇಳಿದರೆ, “ನಾವಾಗಿ ನಾವೇ ಕೇಳೋದಾ? ಏನಂದ್ಕೊಳ್ತಾರೆ?” ಎಂದು ಕೈ ಕೈ ಹಿಸುಕಿಕೊಂಡರು. ನಮ್ಮ ಮನೆಗಳಲ್ಲಿ ತಟ್ಟೆಯ ಕೊನೆಯ ತುಂಡನ್ನು ಯಾರೂ ತೆಗೆದುಕೊಳ್ಳುವುದಿಲ್ಲವಲ್ಲ, ಅರ್ಧ, ಅರ್ಧದಲ್ಲಿ ಅರ್ಧ ಮಾಡಿ ಒಣಗಿಸಿಬಿಡುತ್ತೇವಲ್ಲ, ಇದೂ ಹಾಗೇ ಒಣಗುತ್ತಿದೆ.

ಮೊನ್ನೆಯ ಪತ್ರಿಕೆಯಲ್ಲಿ ಬಂದಿದೆ: ಟೀಗ್ ಕ್ರೂಕ್ಡ್ ಲೇಕ್ ಕಾಲೇಜಿಗೆ ಹೋಗಿದ್ದರಂತೆ. ನಮ್ಮ ಎದುರಾಳಿಗಳು, ಇಲ್ಲಿಂದ ಒಂದು ಗಂಟೆಯ ದಾರಿ. ನಾವು ಬಿಟ್ಟು ಬಂದ ಕೂಟದವರು ನಮ್ಮ ಜಾಗ ತುಂಬಲು ಬೇರೆಯವರನ್ನು ಮಾತಾಡಿಸುತ್ತಿದ್ದಾರೆ. ಬ್ಯಾಸ್ಕೆಟ್‌ಬಾಲ್‌ಗೆ ಬರಲು ಒಪ್ಪಿದ್ದ ಮೂವರು ಹುಡುಗರು ‘ನಿಮ್ಮದು ಯಾವ ಕೂಟ ಅಂತ ಮೊದಲು ಹೇಳಿ’ ಎಂದು ಹಿಂದೆ ಸರಿದರು. ನಿನ್ನೆ ಬೇಕರಿಗೆ ಹೋದೆ. ನಾನು ಒಳಗೆ ಕಾಲಿಟ್ಟೊಡನೆ ಮೇಜುಗಳಲ್ಲಿ ಮಾತು ನಿಂತಿತು. ಯಾರೂ ಏನೂ ಅನ್ನಲಿಲ್ಲ. ಅನ್ನುವುದಿಲ್ಲವಲ್ಲ ನಮ್ಮವರು, ಅದೇ ಕಷ್ಟ.

ಏಪ್ರಿಲ್ ಹದಿನೈದಕ್ಕೆ ಕ್ಯಾನ್ಸಸ್ ಸಿಟಿಯಲ್ಲಿ ಆ ಒಂಬತ್ತು ಅಧ್ಯಕ್ಷರ ಸಭೆ ಇದೆ. ಕರೆಯದೆ ಹೋಗುವುದೇ?

ರೆನೇ


ಟಲ್ಸಾ
ಮಾರ್ಚ್ 13

ರೆನೇ,

ಹೋಗು. ಕರೆಯದಿದ್ದರೂ ಹೋಗು. ಬಾಗಿಲು ಮುಚ್ಚಿದ್ದರೆ ತಟ್ಟು.

ದಿನಾ ಕನ್ನಡಿಯ ಮುಂದೆ ನಿಂತು ‘ನಮಗೆ ಬೇಕು’ ಎಂದು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡು. ‘ನಿಮಗೆ ತೊಂದರೆಯಾಗದಿದ್ದರೆ’ ಎಂದು ಬಾಲ ಹಚ್ಚಬೇಡ. ಅವರು ಏನು ಕೇಳಿದರೂ ಮೊದಲ ಸಲಕ್ಕೇ ಹೂಂ ಎನ್ನು. ಯೋಚಿಸುತ್ತೇನೆ, ನೋಡೋಣ ಎಂದೆಯೋ, ಮುಗಿಯಿತು. ಆರಂಭದ ಗುಂಡು ಹಾರಿದಾಗ ನೀನೇನು ಅಕ್ಕಪಕ್ಕದವರಿಗೆ ‘ಮೊದಲು ನೀವು’ ಎನ್ನುತ್ತಿದ್ದೆಯಾ?

ಮೂರು ಪತ್ರಗಳಿಂದ ಒಂದು ಮಾತು ಕೇಳುತ್ತಿದ್ದೇನೆ, ನೀನು ಅದನ್ನು ಬಿಟ್ಟು ಮಿಕ್ಕೆಲ್ಲ ಬರೆಯುತ್ತೀಯ. ನನಗೆ ಕಿವಿ ಕೇಳುವುದಿಲ್ಲವೇ ಹೊರತು ಬರೆಯದೆ ಬಿಟ್ಟದ್ದು ಕಾಣುತ್ತದೆ.

ಆರ್ಡಿಸ್


ಸ್ಟೋರ್‌ವಿಕ್
ಏಪ್ರಿಲ್ 19

ಪ್ರೀತಿಯ ಕೋಚ್,

ಸಿಕ್ಕಿತು. ನಾವು ಬಯಲುಸೀಮೆಯ ಕೂಟದ ಹತ್ತನೆಯ ಕಾಲೇಜು. ಬೇರೆಯವರಿಂದ ನಿಮಗೆ ತಿಳಿಯುವ ಮೊದಲು ನಾನೇ ಎಲ್ಲವನ್ನೂ ಬರೆಯಬೇಕು.

ಹೋಟೆಲಿನ ಪಡಸಾಲೆಯಲ್ಲಿ ಟೀಗ್ ಅವರನ್ನು ಅಡ್ಡಗಟ್ಟಿದೆ. “ನೀವಾ? ನಮ್ಮನ್ನ ಬೇಡ ಅಂದ್ರಲ್ಲ ಮೇಡಂ” ಎಂದರು.

“ಬೇಡ ಅನ್ಲಿಲ್ಲ ಸರ್. ನಮ್ಮ ಕಡೆ ಮೊದಲ್ನೇ ಸಲ ಎಲ್ಲಾರೂ ಹಾಗೇ ಅನ್ನೋದು. ನೀವು ಮತ್ತೆ ಕೇಳ್ತೀರಾ ಅಂತ ಕಾಯ್ತಾ ಇದ್ದೆ.”

“ಎಷ್ಟು ಸಲ ಕೇಳ್ಬೇಕಿತ್ತು?”

“ಮೂರು.”

ಅವರು ಗೋಡೆ ಹಿಡಿದುಕೊಂಡು ನಕ್ಕರು. “ಕ್ರೂಕ್ಡ್ ಲೇಕ್‌ನೋರೂ ಅದನ್ನೇ ಮಾಡಿದ್ರು! ‘ನಾವ್ಯಾಕೆ ಬಿಡಿ ಸರ್’ ಅಂತ. ಎರಡೂ ಕಡೆ ಬೇಡ ಅನ್ನಿಸ್ಕೊಂಡು ಬಂದು ನಮ್ಮ ಅಧ್ಯಕ್ಷರುಗಳಿಗೆ ಮುಖ ತೋರಿಸೋ ಹಾಗಿರ್ಲಿಲ್ಲ ಕಣ್ರೀ. ಉತ್ತರದೋರಿಗೆ ನಮ್ಮನ್ನ ಕಂಡ್ರೆ ಅಸಡ್ಡೆ ಅಂದ್ಕೊಂಡಿದ್ವಿ.” ಸಭೆಯಲ್ಲಿ ನನಗೆ ಹತ್ತು ನಿಮಿಷ ಕೊಡಿಸಿದರು.

ಉದ್ದನೆಯ ಮೇಜು, ಒಂಬತ್ತು ಮುಖ. ಅಂಕಿ-ಅಂಶ ಏನೂ ನೆನಪಾಗಲಿಲ್ಲ. “ನಮಗೆ ನಿಮ್ಮ ಕೂಟ ಬೇಕು. ಸೇರಿಸ್ಕೊಳ್ಳಿ” ಎಂದೆ. ಬಟ್ಟೆಯಿಲ್ಲದೆ ನಿಂತ ಹಾಗಾಯಿತು. ಆದರೆ ಅವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕೆಲವರು ತಲೆಯಾಡಿಸಿ ನಕ್ಕರು.

ಮೇಜಿನ ಕೊನೆಯಲ್ಲಿ ಬೆಳ್ಳಿಕೂದಲಿನ ಹೆಂಗಸೊಬ್ಬಳು, ಅಲ್ಲಿನ ಒಂದು ಕಾಲೇಜಿನ ಅಧ್ಯಕ್ಷೆ, ಕನ್ನಡಕ ಕೆಳಗಿಳಿಸಿ ಕೇಳಿದಳು: “ನಮ್ಮ ಕೂಟದಲ್ಲಿ ಹೆಣ್ಮಕ್ಕಳ ಸಾಕರ್ ಇದೆ, ಗಾಲ್ಫ್ ಇದೆ. ನಿಮ್ಮಲ್ಲಿ ಎರಡೂ ಇಲ್ಲ. ನಿಮ್ಮಲ್ಲಿರೋ ಸ್ಕೀ ನಮ್ಮಲ್ಲಿ ಯಾರೂ ಆಡಲ್ಲ. ಅದನ್ನ ಬಿಟ್ಟು, ಆ ದುಡ್ಡಲ್ಲಿ ಇವೆರಡನ್ನ ಶುರು ಮಾಡ್ತೀರಾ?”

“ಮಾಡ್ತೀವಿ” ಎಂದೆ.

ಕೋಚ್, ಉಸಿರು ತೆಗೆದುಕೊಳ್ಳುವಷ್ಟೂ ತಡ ಮಾಡಲಿಲ್ಲ. ಬಾಯಿಂದ ಹೊರಬಿದ್ದ ಮೇಲೆಯೇ ಏನಂದೆ ಎಂದು ನನಗೆ ಕೇಳಿಸಿದ್ದು. ಮತ ಹಾಕಿದರು, ಒಂಬತ್ತೂ ನಮ್ಮ ಕಡೆಗೆ. ಟೀಗ್ ಲಿಫ್ಟಿನವರೆಗೆ ಬಂದು ಕೈಕುಲುಕಿ ಹೇಳಿದರು: “ಸ್ಕೀ ವಿಷಯ ಅಷ್ಟು ಬೇಗ ಒಪ್ಕೊಂಡ್ರಲ್ಲ! ಆಯಮ್ಮ ಸುಮ್ನೆ ಕೇಳಿ ನೋಡಿದ್ದು. ಸ್ವಲ್ಪ ಎಳೆದಾಡ್ತೀರಾ ಅಂತಿದ್ದೆ.” ಲಿಫ್ಟಿನ ಬಾಗಿಲು ಮುಚ್ಚಿತು. ನಾನು ಯಾವ ಗುಂಡಿಯನ್ನೂ ಒತ್ತದೆ ನಿಂತಿದ್ದೆ.

ಊರಿನಲ್ಲಿ ಹಬ್ಬ. ಅಗ್ನಿಶಾಮಕದವರು ಗಂಟೆ ಬಾರಿಸಿಕೊಂಡು ಬೀದಿ ಸುತ್ತಿದರು. ಬೇಕರಿಯಲ್ಲಿ ನನ್ನಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ನೀವು ಮತ್ತೆ ಮತ್ತೆ ಕೇಳಿದಿರಿ, ನಾನು ಬರೆಯಲಿಲ್ಲ. ಸ್ಕೀಗೆ ಕುತ್ತು ಬರಬಹುದೆಂದು ಚಳಿಗಾಲದಿಂದಲೂ ಅಂಜಿಕೆಯಿತ್ತು. ತಂಡದಲ್ಲಿ ಹನ್ನೊಂದು ಹುಡುಗಿಯರಿದ್ದಾರೆ. ಅವರಿಗೆ ಇನ್ನೂ ಹೇಳಿಲ್ಲ.

ರೆನೇ


ಟಲ್ಸಾ
ಏಪ್ರಿಲ್ 29

ರೆನೇ,

ನಿನ್ನ ಪತ್ರ ಬಂದು ಆರು ದಿನವಾಯಿತು. ದಿನಾ ಒಂದು ಉತ್ತರ ಬರೆದು ಹರಿದು ಹಾಕಿದ್ದೇನೆ. ಒಂದರಲ್ಲಿ ‘ಪರವಾಗಿಲ್ಲ, ನಿನ್ನ ಕಷ್ಟ ನನಗೆ ಗೊತ್ತು’ ಎಂದಿತ್ತು. ಅದು ಸುಳ್ಳು. ಇನ್ನೊಂದರಲ್ಲಿ ಬರೀ ಬೈಗುಳ. ಮೊದಲ ಸಲಕ್ಕೇ ಹೂಂ ಎನ್ನು ಎಂದು ಹೇಳಿಕೊಟ್ಟವಳು ನಾನೇ, ಬೈದರೆ ಯಾರಿಗೆ ಬೈಯಲಿ?

ನನಗೆ ತುಂಬ ನೋವಾಗಿದೆ. ಗೇಲ್ ಊಟಕ್ಕೆ ಕರೆದರೆ ಏಳುವುದಿಲ್ಲ. ಮಗು ಕಳೆದುಕೊಂಡವರ ಹಾಗೆ ಆಡಬೇಡಮ್ಮ ಎಂದು ಅವಳು ಬರೆದು ತೋರಿಸಿದಳು.

ಆ ಕಾಲೇಜಿಗೆ ಇಪ್ಪತ್ತೊಂಬತ್ತು ವರ್ಷ ದುಡಿದೆ. ನನಗಾಗಿ ಏನನ್ನೂ ಕೇಳಲಿಲ್ಲ. ವ್ಯಾನ್ ಕೊಡಿ ಎನ್ನಲಿಲ್ಲ, ನನ್ನ ಕಾರಿನ ಮೇಲೆ ಸ್ಕೀ ಕಟ್ಟಿಕೊಂಡು ಹುಡುಗಿಯರನ್ನು ಒಯ್ದೆ. ಸಂಬಳ ಹೆಚ್ಚಿಸಿ ಎನ್ನಲಿಲ್ಲ. ಬೀಳ್ಕೊಡುವಾಗ ‘ಏನು ಬೇಕು ಕೇಳಿ’ ಎಂದರು, ‘ಏನೂ ಬೇಡ’ ಎಂದೆ. ಎರಡನೆಯ ಸಲ ಯಾರೂ ಕೇಳಲಿಲ್ಲ. ನೀನೂ ಆ ಕೋಣೆಯಲ್ಲಿದ್ದೆ.

ಈಗ ಕೇಳುತ್ತೇನೆ. ಆಯಮ್ಮ ಸುಮ್ಮನೆ ಕೇಳಿ ನೋಡಿದ್ದು ಎಂದು ಟೀಗ್‌ನೇ ಅಂದಿದ್ದಾನಲ್ಲ. ಹಾಗಾದರೆ ದಾರಿ ಇದೆ. ಅವನ ಹತ್ತಿರ ಮತ್ತೆ ಹೋಗು. ತಪ್ಪಾಗಿ ಒಪ್ಪಿಕೊಂಡೆ ಎನ್ನು. ಆ ತಂಡ ನನಗೆ ಬೇಕು, ರೆನೇ. ನನಗೆ ಬೇಕು.

ಆರ್ಡಿಸ್ ಟಾಲೆಫ್ಸನ್


ಸ್ಟೋರ್‌ವಿಕ್
ಮೇ 31

ಕೋಚ್,

ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಆಗುವುದಿಲ್ಲ.

ಟೀಗ್ ಅವರನ್ನು ನಾನು ಕೇಳಲಿಲ್ಲ. ಕೇಳಿದ್ದರೆ ಒಪ್ಪುತ್ತಿದ್ದರೋ ಏನೋ. ಆದರೆ ಕೊಟ್ಟ ಮಾತು ಬದಲಿಸಿದರೆ ಮತ್ತೆ ಸಭೆ, ಮತ್ತೆ ಮತ. ಎಂಟು ಮತವಾದರೂ ಬೇಕು, ಒಂಬತ್ತರಲ್ಲಿ ಇಬ್ಬರು ಮುನಿಸಿಕೊಂಡರೆ ಇಡೀ ಕಾಲೇಜು ಹೊರಗುಳಿಯುತ್ತಿತ್ತು. ನಾಲ್ಕು ವಾರ ರಾತ್ರಿ ಹಗಲು ತೂಗಿದೆ. ಹನ್ನೊಂದು ಹುಡುಗಿಯರು ಒಂದು ಕಡೆ, ಮಿಕ್ಕ ಆಟಗಳ ಮುನ್ನೂರು ಮಕ್ಕಳು ಇನ್ನೊಂದು ಕಡೆ. ಅರ್ಜಿಯ ಕಾಗದಗಳಿಗೆ ಸಹಿ ಮಾಡಿ ಇವತ್ತು ಬೆಳಿಗ್ಗೆ ಕಳಿಸಿಬಿಟ್ಟೆ.

ಹುಡುಗಿಯರಿಗೆ ಹೇಳಿದ್ದು ಹೋದ ಮಂಗಳವಾರ. ಹಿಮ ಕರಗಿದೆ, ಗಾಲಿಯ ಸ್ಕೀ ಕಟ್ಟಿಕೊಂಡು ಕೆರೆಯ ಸುತ್ತಿನ ರಸ್ತೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಅಲ್ಲಿಗೇ ಹೋದೆ. ಎಲ್ಲರೂ ರಸ್ತೆಯ ಅಂಚಿನಲ್ಲಿ ಕುಳಿತು ಕೇಳಿದರು. ಯಾರೂ ಜಗಳವಾಡಲಿಲ್ಲ. ಒಬ್ಬಳು ‘ನಿಮಗೂ ಕಷ್ಟ ಆಗಿರುತ್ತೆ ಮೇಡಂ’ ಎಂದಳು. ನನಗೆ ಅಲ್ಲಿಯೇ ಸತ್ತುಹೋಗಬೇಕೆನಿಸಿತು.

ಎಲ್ಲರಿಗಿಂತ ಕೊನೆಯಲ್ಲಿ ಟೋರುನ್ ಎಂಬ ಹುಡುಗಿಯಿದ್ದಳು. ಎರಡನೆಯ ವರ್ಷ, ಗಿಡ್ಡ, ಮಾತು ಕಡಿಮೆ. ಮಿಕ್ಕವರು ಎದ್ದು ಹೋದ ಮೇಲೂ ಕುಳಿತೇ ಇದ್ದಳು. ಆಮೇಲೆ ಕೇಳಿದಳು:

“ನಮ್ಮ ತಂಡ ಬಿಡ್ತೀರಾ ಅಂತ ಅವ್ರು ಕೇಳ್ದಾಗ, ನೀವು ಎಷ್ಟು ಸಲ ಬೇಡ ಅಂದ್ರಿ ಮೇಡಂ?”

“ಒಂದ್ಸಲಾನೂ ಇಲ್ಲ” ಎಂದೆ.

ರೆನೇ ಸ್ಕಾರ್